ಹತ್ತಿರದ ಆಸ್ಪತ್ರೆಯೋ, ಮಂಗಳೂರೋ? ಪಾರ್ಶ್ವವಾಯುವಿನ ಮೊದಲ ಗಂಟೆಗಳು ಮತ್ತು ಕಾಸರಗೋಡಿನ ಮನೆಗಳು

ಪಾರ್ಶ್ವವಾಯುವಿನ (ಸ್ಟ್ರೋಕ್) ಬಗ್ಗೆ ಪತ್ರಿಕೆಗಳಲ್ಲಿ ಬರುವ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದುವವರಿಗೆ ಗೊಂದಲವಾಗದೆ ಇರದು. ಮೊದಲ ಒಂದು ಗಂಟೆಯೇ ನಿರ್ಣಾಯಕ ಎಂದು ಒಂದು ವರದಿ ಹೇಳಿದರೆ, ನಾಲ್ಕೂವರೆ ಗಂಟೆಯೊಳಗೆ ಇಂಜೆಕ್ಷನ್ ಕೊಡಬಹುದು ಎಂದು ಇನ್ನೊಂದು ಹೇಳುತ್ತದೆ. 24 ಗಂಟೆಯವರೆಗೂ ಚಿಕಿತ್ಸೆ ಇದೆ ಎಂಬ ಶೀರ್ಷಿಕೆ ಮತ್ತೊಂದರಲ್ಲಿ ಕಾಣುತ್ತದೆ. ಕಾಸರಗೋಡು ಜಿಲ್ಲೆಯವರಿಗೆ ಇದರ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳ ಅನುಮತಿ ದೊರೆತ ಬಳಿಕ, ಇಂತಹ ತುರ್ತು ಸಂದರ್ಭದಲ್ಲಿ ಇನ್ನೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕೇ, ಜಿಲ್ಲೆಯೊಳಗೇ ಚಿಕಿತ್ಸೆ ಸಿಗುವುದಿಲ್ಲವೇ ಎಂಬ ಪ್ರಶ್ನೆ ಅದು.

ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವ ಅಭ್ಯಾಸವನ್ನು ಮೊದಲು ಬದಿಗಿಡಬೇಕು. ಸಿ.ಟಿ. ಸ್ಕ್ಯಾನ್ ಮತ್ತು ರಕ್ತದ ಹೆಪ್ಪು ಕರಗಿಸುವ ಔಷಧ, ಇವೆರಡೂ ಒಂದೇ ಸೂರಿನಡಿ, ಆ ಹೊತ್ತಿನಲ್ಲಿ, ಎಷ್ಟು ನಿಮಿಷದಲ್ಲಿ ಸಿಗುತ್ತವೆ ಎಂಬುದೇ ನಿಜವಾದ ದೂರ. ಆ ಲೆಕ್ಕವನ್ನು ರೋಗಿ ನೆಲಕ್ಕೆ ಬಿದ್ದ ಮೇಲೆ ಹಾಕಲು ಕುಳಿತರೆ ಸಮಯ ಮೀರುತ್ತದೆ. ಮನೆಯವರು ಅದನ್ನು ಮೊದಲೇ ಹಾಕಿಟ್ಟಿರಬೇಕು.

ಮೂರು ಗಡುವುಗಳು ಹೇಳುವುದೇನು

ಅಡಿಕೆ ತೋಟಕ್ಕೆ ನೀರು ಹಾಯಿಸುವ ಪೈಪಿನಲ್ಲಿ ಕಸ ಸಿಕ್ಕಿದರೆ ಮುಂದಿನ ಸಾಲಿನ ಮರಗಳಿಗೆ ನೀರಿಲ್ಲ. ಪೈಪೇ ಒಡೆದರೆ ಒಂದು ಕಡೆ ನೀರು ತುಂಬಿ ನಿಲ್ಲುತ್ತದೆ, ಮುಂದಿನ ಸಾಲು ಆಗಲೂ ಒಣಗುತ್ತದೆ. ಮಿದುಳಿನಲ್ಲಿ ಆಗುವುದೂ ಈ ಎರಡರಲ್ಲಿ ಒಂದು. ಹೆಚ್ಚಿನ ಪ್ರಕರಣಗಳಲ್ಲಿ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುತ್ತದೆ. ಉಳಿದವುಗಳಲ್ಲಿ ನಾಳ ಒಡೆದು ರಕ್ತಸ್ರಾವವಾಗಿರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡರ ಲಕ್ಷಣವೂ ಒಂದೇ ರೀತಿ ಕಾಣುವುದರಿಂದ, ಎಷ್ಟೇ ಅನುಭವಿ ವೈದ್ಯರಾದರೂ ಸ್ಕ್ಯಾನ್ ಇಲ್ಲದೆ ಇದು ಇಂಥದ್ದೇ ಎಂದು ಖಚಿತವಾಗಿ ಹೇಳಲಾರರು.

ದೊಡ್ಡ ನಾಳವೊಂದು ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜು 2006ರಲ್ಲಿ ಪ್ರಕಟವಾಯಿತು. ಮೊದಲ ಗಂಟೆಗೆ ಅಷ್ಟೊಂದು ಮಹತ್ವ ಬಂದಿರುವುದು ಇದರಿಂದಲೇ. ಅದು ಬಾಗಿಲು ಮುಚ್ಚುವ ಗಡುವಲ್ಲ. ಬೇಗ ತಲುಪಿದಷ್ಟೂ ಹೆಚ್ಚು ಮಿದುಳು ಉಳಿಯುತ್ತದೆ ಎಂದು ಹೇಳುವ ಅಂಕಿ. ನಾಲ್ಕೂವರೆ ಗಂಟೆಯ ಲೆಕ್ಕ ಬೇರೆ. 1995ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವು ಹೆಪ್ಪು ಕರಗಿಸುವ ಇಂಜೆಕ್ಷನ್ ಮೂರು ಗಂಟೆಯೊಳಗೆ ಕೊಟ್ಟರೆ ಫಲವಿದೆ ಎಂದು ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನವೊಂದು ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಆಮೇಲೆ ಕೊಟ್ಟರೆ ಸಾಮಾನ್ಯವಾಗಿ ಲಾಭ ಇಳಿಯುತ್ತದೆ, ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಉಳಿದುಕೊಳ್ಳುತ್ತದೆ.

24 ಗಂಟೆಯ ಮಾತು 2018ರ ಅಧ್ಯಯನಗಳಿಂದ ಬಂದದ್ದು. ತೊಡೆಯ ಸಂದಿನ ಅಥವಾ ಕೈಯ ನಾಳದ ಮೂಲಕ ತೆಳ್ಳಗಿನ ನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ ಹೆಪ್ಪನ್ನು ಹೊರಗೆಳೆಯುವ ವಿಧಾನ ಅದು. ದೊಡ್ಡ ನಾಳವೇ ಕಟ್ಟಿರಬೇಕು. ಅಕ್ಕಪಕ್ಕದ ಸಣ್ಣ ನಾಳಗಳಿಂದ ಸ್ವಲ್ಪ ರಕ್ತ ಹರಿದು ಮಿದುಳಿನ ಆ ಭಾಗ ಇನ್ನೂ ಜೀವ ಹಿಡಿದಿದೆ ಎಂದು ವಿಶೇಷ ಸ್ಕ್ಯಾನ್ ತೋರಿಸಬೇಕು. ಆ ಕೆಲಸ ಬಲ್ಲ ತಜ್ಞರು ಆಸ್ಪತ್ರೆಯಲ್ಲಿರಬೇಕು. ಈ ಷರತ್ತುಗಳೆಲ್ಲ ಕೂಡಿಬರುವ ರೋಗಿಗಳು ಕಡಿಮೆ. "24 ಗಂಟೆ ಇದೆಯಂತೆ, ಬೆಳಗ್ಗೆ ಹೋದರಾಯಿತು" ಎಂದು ಯಾರಾದರೂ ರಾತ್ರಿ ಸುಮ್ಮನಾದರೆ, ಇಂಜೆಕ್ಷನ್ ಪಡೆಯುವ ಅವಕಾಶವನ್ನು ಅವರು ಕೈಯಾರೆ ಕಳೆದುಕೊಂಡಂತೆ.

ಮನೆಯವರ ಕಣ್ಣಿಗೆ ಬೀಳಬೇಕಾದದ್ದು

ಲಕ್ಷಣಗಳ ಪಟ್ಟಿ ಹಲವರಿಗೆ ಗೊತ್ತಿದೆ: ಬಾಯಿ ಒಂದು ಬದಿಗೆ ವಾಲುವುದು, ಒಂದು ಕೈ ಅಥವಾ ಕಾಲಿನ ಬಲ ಕುಗ್ಗುವುದು, ಮಾತು ತೊದಲುವುದು. ಇವೆಲ್ಲಕ್ಕಿಂತ ಮುಖ್ಯವಾದ ಗುರುತು "ಇದ್ದಕ್ಕಿದ್ದಂತೆ" ಎಂಬುದು. ವರ್ಷಗಳಿಂದ ಇರುವ ಮಂಡಿನೋವಿನ ಕುಂಟು ಬೇರೆ, ಹಲ್ಲುಜ್ಜುತ್ತಿದ್ದಾಗ ಕೈಯಿಂದ ಬ್ರಷ್ ಜಾರಿ ಬೀಳುವುದು ಬೇರೆ.

ಅನುಮಾನ ಬಂದರೆ ಪರೀಕ್ಷೆಗೆ ಒಂದು ನಿಮಿಷ ಸಾಕು. ನಗಲು ಅಥವಾ ಹಲ್ಲು ತೋರಿಸಲು ಹೇಳಿ, ಎರಡೂ ಬದಿ ಸಮನಾಗಿ ಎದ್ದಿತೇ ಎಂದು ನೋಡಬೇಕು. ಕಣ್ಣು ಮುಚ್ಚಿಸಿ, ಅಂಗೈ ಮೇಲ್ಮುಖವಾಗಿರುವಂತೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಹತ್ತು ಸೆಕೆಂಡು ಹಿಡಿಯಲು ಹೇಳಬೇಕು; ಒಂದು ಕೈ ಮೆಲ್ಲನೆ ಕೆಳಗಿಳಿದರೆ ಅಥವಾ ಅಂಗೈ ಒಳಮುಖ ತಿರುಗಿದರೆ ಅದು ಲಕ್ಷಣವೇ. ಬಳಿಕ ಒಂದು ಪೂರ್ಣ ವಾಕ್ಯ ಹೇಳಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹೊರಡಬೇಕು. ಮೂರೂ ತಪ್ಪಲೆಂದು ಕಾಯುವಂತಿಲ್ಲ.

ಹೆಚ್ಚು ಮೋಸ ಮಾಡುವುದು ಮಿದುಳಿನ ಹಿಂಭಾಗದ ಪಾರ್ಶ್ವವಾಯು. ಇದರಲ್ಲಿ ಕೈಕಾಲಿನ ಬಲ ಸರಿಯಾಗಿಯೇ ಇರಬಹುದು. ಒಮ್ಮೆಲೇ ತಲೆ ಸುತ್ತಿ ನೆಟ್ಟಗೆ ಕೂರಲಾಗದಿರುವುದು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಬದಿಯ ದೃಷ್ಟಿ ಮಾಯವಾಗುವುದು, ನುಂಗಲು ಕಷ್ಟವಾಗುವುದು ಇದರ ಗುರುತುಗಳು. ಬಿಸಿಲಲ್ಲಿ ತೋಟದ ಕೆಲಸ ಮಾಡಿ ಬಂದವರಿಗೆ ಇದು ಆದಾಗ ಪಿತ್ತವೆಂದೋ, ಬಿಸಿಲಿನ ಬಳಲಿಕೆಯೆಂದೋ ಲಿಂಬೆ ಪಾನಕ ಕೊಟ್ಟು ಮಲಗಿಸುವುದುಂಟು. ನಡೆಸಿ ನೋಡಿದಾಗ ಒಂದು ಬದಿಗೇ ವಾಲಿ ಬೀಳುವಂತಾದರೆ ಅದನ್ನು ಬಳಲಿಕೆಯೆಂದು ಬಿಡಬಾರದು. ಹಿಂದೆಂದೂ ಬಾರದಷ್ಟು ತೀವ್ರವಾದ ತಲೆನೋವು ಸಿಡಿದಂತೆ ಬಂದರೆ ರಕ್ತಸ್ರಾವದ ಶಂಕೆ ಇರುತ್ತದೆ.

ಮಾತಿನ ಪರೀಕ್ಷೆ ಯಾವ ಭಾಷೆಯಲ್ಲಿ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಚಿಕಿತ್ಸೆಯದ್ದೇ ಭಾಗ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತಾಡುವ, ಹೊರಗೆ ಕನ್ನಡ ಬಳಸುವ ಹಿರಿಯರೊಬ್ಬರನ್ನು ತುರ್ತು ವಿಭಾಗದಲ್ಲಿ ಮಲಯಾಳದಲ್ಲಿ ಪ್ರಶ್ನಿಸಿದಾಗ ಅವರು ಸುಮ್ಮನಿದ್ದರೆ, ಭಾಷೆ ತಿಳಿಯದೆ ಸುಮ್ಮನಿದ್ದಾರೋ ಮಾತೇ ಹೊರಡದೆ ಸುಮ್ಮನಿದ್ದಾರೋ ಎಂದು ನರ್ಸಿಗೆ ಹೇಗೆ ಗೊತ್ತಾಗಬೇಕು? ಮಾತು ಅರ್ಥವಾಗದಿರುವುದು, ಪದ ಸಿಗದೆ ತಡವರಿಸುವುದು ಪಾರ್ಶ್ವವಾಯುವಿನ ಪ್ರಮುಖ ಲಕ್ಷಣಗಳಾಗಿರುವುದರಿಂದ, ಈ ಒಂದು ತಪ್ಪು ತಿಳಿವಳಿಕೆ ರೋಗನಿರ್ಣಯವನ್ನೇ ದಾರಿ ತಪ್ಪಿಸಬಲ್ಲದು. ತದ್ವಿರುದ್ಧವೂ ಸಾಧ್ಯ: ಭಾಷೆ ಬಾರದ ಕಾರಣಕ್ಕೆ ಉತ್ತರಿಸದವರನ್ನು ಮಾತು ಕಳೆದುಕೊಂಡವರೆಂದು ಬಗೆಯಬಹುದು.

ಆದುದರಿಂದ ವಾಕ್ಯ ಹೇಳಿಸುವ ಪರೀಕ್ಷೆಯನ್ನು ರೋಗಿಯ ಮನೆಮಾತಿನಲ್ಲೇ ಮಾಡಬೇಕು, ಮತ್ತು ದಿನನಿತ್ಯ ಅವರೊಂದಿಗೆ ಮಾತಾಡುವವರೊಬ್ಬರು ಆಸ್ಪತ್ರೆಗೆ ಜೊತೆಗೆ ಹೋಗಲೇಬೇಕು. "ಇವರು ನಿನ್ನೆ ರಾತ್ರಿಯವರೆಗೆ ಸ್ಪಷ್ಟವಾಗಿ ಮಾತಾಡುತ್ತಿದ್ದರು, ಈಗ ನಮ್ಮ ಭಾಷೆಯಲ್ಲಿ ಕೇಳಿದರೂ ಉತ್ತರವಿಲ್ಲ" ಎಂಬ ಒಂದು ವಾಕ್ಯ ವೈದ್ಯರಿಗೆ ದೊಡ್ಡ ಸುಳಿವು. ವಾಹನ ಓಡಿಸಬಲ್ಲ ನೆರೆಮನೆಯ ಹುಡುಗ ಒಬ್ಬನೇ ಕರೆದೊಯ್ದರೆ ಈ ಸುಳಿವು ಮನೆಯಲ್ಲೇ ಉಳಿಯುತ್ತದೆ.

ಎರಡು ವಾದಗಳು

ಮೊದಲ ವಾದ: ಯಾವುದೇ ಆಗಲಿ, ಹತ್ತಿರದ ಆಸ್ಪತ್ರೆಗೆ ಮೊದಲು ಮುಟ್ಟಿಸಿ, ಮುಂದಿನದನ್ನು ಅಲ್ಲಿನವರು ನೋಡುತ್ತಾರೆ. ಎರಡನೆಯದು: ಸಣ್ಣ ಆಸ್ಪತ್ರೆಯಲ್ಲಿ ಹೇಗೂ ಮುಂದಕ್ಕೆ ಕಳಿಸುತ್ತಾರೆ, ಆದ್ದರಿಂದ ನೇರವಾಗಿ ಮಂಗಳೂರಿಗೆ ಹೋಗಿ. ಎರಡರಲ್ಲೂ ಸತ್ಯವಿದೆ, ಎರಡೂ ಅರ್ಧ ಸತ್ಯ.

ಸ್ಪೇನಿನ ಕ್ಯಾಟಲೋನಿಯಾದ ಗ್ರಾಮೀಣ ಭಾಗದಲ್ಲಿ ಇದೇ ಪ್ರಶ್ನೆಯನ್ನು 1,400ರಷ್ಟು ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ದೊಡ್ಡ ನಾಳ ಕಟ್ಟಿರುವ ಶಂಕೆಯಿದ್ದವರಲ್ಲಿ ಒಂದು ಗುಂಪನ್ನು ಹತ್ತಿರದ ಸ್ಟ್ರೋಕ್ ಕೇಂದ್ರಕ್ಕೂ, ಇನ್ನೊಂದನ್ನು ಹೆಪ್ಪು ಹೊರತೆಗೆಯುವ ಸೌಲಭ್ಯವಿರುವ ದೂರದ ದೊಡ್ಡ ಕೇಂದ್ರಕ್ಕೂ ಕಳಿಸಿ, ಮೂರು ತಿಂಗಳ ಬಳಿಕ ನೋಡಿದಾಗ ಎರಡೂ ಗುಂಪುಗಳ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೇಲುನೋಟಕ್ಕೆ ಇದು "ಹತ್ತಿರದ್ದೇ ಸಾಕು" ಎಂಬ ವಾದಕ್ಕೆ ಬಲ. ಆದರೆ ಅಲ್ಲಿನ ಹತ್ತಿರದ ಕೇಂದ್ರವೆಂದರೆ ಸ್ಕ್ಯಾನ್ ಮಾಡಿ ಇಂಜೆಕ್ಷನ್ ಕೊಡಬಲ್ಲ ಕೇಂದ್ರ. ಸ್ಕ್ಯಾನ್ ಇಲ್ಲದ ಕಡೆ ರಕ್ತದೊತ್ತಡ ನೋಡಿ, ಡ್ರಿಪ್ ಹಾಕಿ, ಒಂದೂವರೆ ಗಂಟೆಯ ಬಳಿಕ ಮುಂದಿನ ಆಸ್ಪತ್ರೆಗೆ ಚೀಟಿ ಬರೆಯುವುದಕ್ಕೆ ಆ ಅಧ್ಯಯನ ಯಾವ ಸಮರ್ಥನೆಯನ್ನೂ ಕೊಡುವುದಿಲ್ಲ.

ಹೀಗಾಗಿ ಸರಿಯಾದ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಮಂಜೇಶ್ವರದಿಂದ ಮಂಗಳೂರು ಸುಮಾರು 20 ಕಿಲೋಮೀಟರ್. ಅಲ್ಲಿನವರು ಉತ್ತರಕ್ಕೆ ಹೊರಡುವುದರಲ್ಲಿ ಅರ್ಥವಿದೆ. ಮಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಕಾಸರಗೋಡು ನಗರದವರಿಗೆ, ನಗರದಲ್ಲೇ ರಾತ್ರಿಯೂ ಸ್ಕ್ಯಾನ್ ಮತ್ತು ಇಂಜೆಕ್ಷನ್ ಎರಡೂ ಸಿಗುವ ಆಸ್ಪತ್ರೆ ಇದ್ದರೆ ಅದೇ ಮೊದಲ ಆಯ್ಕೆಯಾಗಬೇಕು. ಮುಳ್ಳೇರಿಯ, ಆದೂರು ಕಡೆಯವರಿಗೆ ಜಾಲ್ಸೂರಿನ ಮೂಲಕ ಸುಳ್ಯದ ದಾರಿಯೂ, ಪೆರ್ಲದವರಿಗೆ ಪುತ್ತೂರಿನ ದಾರಿಯೂ ಇದೆ. ಕೇರಳ ಆರೋಗ್ಯ ಇಲಾಖೆ "ಶಿರಸ್" ಎಂಬ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆಗಳಲ್ಲಿ ಸ್ಟ್ರೋಕ್ ಘಟಕಗಳನ್ನು ಬೆಳೆಸುತ್ತಿದ್ದು, ಹತ್ತಾರು ಸಾವಿರ ರೂಪಾಯಿ ಬೆಲೆಯ ಇಂಜೆಕ್ಷನನ್ನು ಅಲ್ಲಿ ಉಚಿತವಾಗಿ ಕೊಡುವುದು ಅದರ ಉದ್ದೇಶ.

ಈಗಲೇ, ಎಲ್ಲರೂ ಆರೋಗ್ಯವಾಗಿರುವಾಗ, ತಮ್ಮ ಊರಿನಿಂದ ತಲುಪಬಲ್ಲ ಎರಡು ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟೇ: ಸಿ.ಟಿ. ಸ್ಕ್ಯಾನ್ ರಾತ್ರಿ ಎರಡು ಗಂಟೆಗೂ ನಡೆಯುತ್ತದೆಯೇ, ಭಾನುವಾರವೂ ತಂತ್ರಜ್ಞರು ಇರುತ್ತಾರೆಯೇ? ಹೆಪ್ಪು ಕರಗಿಸುವ ಇಂಜೆಕ್ಷನ್ ದಾಸ್ತಾನಿದೆಯೇ, ಅದನ್ನು ಕೊಡುವ ನಿರ್ಧಾರ ಮಾಡಬಲ್ಲ ವೈದ್ಯರು ಸ್ಥಳದಲ್ಲೋ ಫೋನಿನಲ್ಲೋ ಸಿಗುತ್ತಾರೆಯೇ? ನಳಿಕೆಯಿಂದ ಹೆಪ್ಪು ತೆಗೆಯುವ ಸೌಲಭ್ಯ ಅಲ್ಲೇ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ? ಉತ್ತರಗಳನ್ನು ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ತಜ್ಞರೊಬ್ಬರ ವರ್ಗಾವಣೆಯಿಂದ ಉತ್ತರ ಬದಲಾಗಬಹುದು.

ಮೆಡಿಕಲ್ ಕಾಲೇಜಿನ ಸುದ್ದಿಯನ್ನು ಓದುವ ಬಗೆ

ಉಕ್ಕಿನಡ್ಕದ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. 2020ರ ಏಪ್ರಿಲ್‌ನಲ್ಲಿ ಅದರ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಮೊದಲು ತೆರೆಯಿತು. ಅದೇ ವರ್ಷ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ಕಾಸರಗೋಡಿನ ಹಲವು ರೋಗಿಗಳು ಮೃತಪಟ್ಟರು. ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ತುರ್ತು ರೋಗಿಗಳಿಗೆ ತಲಪಾಡಿಯಲ್ಲಿ ದಾರಿ ಬಿಡುವ ಏರ್ಪಾಡಾಯಿತು. ಒಂದು ಜಿಲ್ಲೆಯ ತುರ್ತು ಚಿಕಿತ್ಸೆ ಪಕ್ಕದ ರಾಜ್ಯದ ಒಂದು ನಗರವನ್ನು ಎಷ್ಟರಮಟ್ಟಿಗೆ ನಂಬಿಕೊಂಡಿದೆ ಎಂಬುದು ಆಗ ಇಡೀ ದೇಶಕ್ಕೆ ಕಂಡಿತು. ಜಿಲ್ಲೆಯೊಳಗೇ ಚಿಕಿತ್ಸೆ ಬೇಕೆಂಬ ಬೇಡಿಕೆಯ ಹಿಂದೆ ಈ ನೋವಿದೆ; ಆ ಬೇಡಿಕೆ ಸಂಪೂರ್ಣ ನ್ಯಾಯವಾದದ್ದು.

ಆದರೆ ಎಂಬಿಬಿಎಸ್ ತರಗತಿಗೆ ಅನುಮತಿ ಸಿಗುವುದು ಒಂದು, ಸ್ಟ್ರೋಕ್ ಘಟಕ ನಡೆಯುವುದು ಇನ್ನೊಂದು. ಅನುಮತಿಗೆ ಬೋಧಕರು, ಪ್ರಯೋಗಾಲಯ, ಹಾಸಿಗೆಗಳ ಲೆಕ್ಕ ನೋಡುತ್ತಾರೆ. ಸ್ಟ್ರೋಕ್ ಘಟಕಕ್ಕೆ ದಿನದ 24 ಗಂಟೆಯೂ ಸ್ಕ್ಯಾನ್ ಮಾಡುವವರು, ಅದನ್ನು ಓದುವವರು, ತೀವ್ರ ನಿಗಾ ಘಟಕ, ಇಂಜೆಕ್ಷನ್ ಕೊಟ್ಟ ಬಳಿಕ ಕಾಲುಗಂಟೆಗೊಮ್ಮೆ ರಕ್ತದೊತ್ತಡ ನೋಡುವ ನರ್ಸ್‌ಗಳು ಬೇಕು. ವಿದ್ಯಾರ್ಥಿಗಳ ತಂಡ ವರ್ಷದಿಂದ ವರ್ಷಕ್ಕೆ ಮೇಲೇರಿದಂತೆ ವಿಭಾಗಗಳೂ ಬೆಳೆಯಲೇಬೇಕಾಗುತ್ತದೆ, ಆದ್ದರಿಂದ ಆಶಾಭಾವಕ್ಕೆ ಕಾರಣವಿದೆ. ಆದರೆ ಕಾಲೇಜು ಬಂತೆಂಬ ಸುದ್ದಿಯನ್ನಷ್ಟೇ ನಂಬಿ, ವಿಚಾರಿಸದೆ ರೋಗಿಯನ್ನು ಯಾವುದೇ ಕಟ್ಟಡದ ಮುಂದೆ ಇಳಿಸುವಂತಾಗಬಾರದು.

ದಾರಿ ಮತ್ತು ವಾಹನ

ಕೇರಳದಲ್ಲಿ 108 ಸೇವೆ "ಕನಿವ್" ಎಂಬ ಹೆಸರಿನಲ್ಲಿ ನಡೆಯುತ್ತದೆ, ಕರ್ನಾಟಕದಲ್ಲಿ "ಆರೋಗ್ಯ ಕವಚ" ಎಂದು. ನಂಬರ್ ಒಂದೇ, ವ್ಯವಸ್ಥೆ ಎರಡು. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯಂತಹ ಗಡಿಯಂಚಿನ ಪಂಚಾಯತುಗಳಲ್ಲಿ ಮೊಬೈಲು ಆಚೆಯ ರಾಜ್ಯದ ಟವರ್ ಹಿಡಿದರೆ ಕರೆ ಅಲ್ಲಿನ ಕೇಂದ್ರಕ್ಕೆ ಹೋಗುವ ಸಾಧ್ಯತೆ ಇದೆ. ಕರೆ ಮಾಡಿದವರು "ಕೇರಳ, ಕಾಸರಗೋಡು ಜಿಲ್ಲೆ" ಎಂದು ಮೊದಲು ಹೇಳಿ, ಬಳಿಕ ಪಂಚಾಯತು ಮತ್ತು ಹತ್ತಿರದ ಶಾಲೆ ಅಥವಾ ದೇವಸ್ಥಾನದ ಹೆಸರು ಹೇಳಬೇಕು. ಪಕ್ಕದ ಖಾಸಗಿ ಆಂಬ್ಯುಲೆನ್ಸಿನ ನಂಬರೂ, ರಾತ್ರಿ ಕರೆದರೆ ಬರುವ ಜೀಪು ಅಥವಾ ಕಾರಿನವರ ನಂಬರೂ ಗೋಡೆಯ ಮೇಲೆ ಕಾಣುವಂತಿರಬೇಕು. ಗುಡ್ಡದ ಕೆಳಗಿನ ತೋಟದ ಮನೆಗಳಿಗೆ ಆಂಬ್ಯುಲೆನ್ಸ್ ಅಂಗಳದವರೆಗೆ ಬಾರದಿರಬಹುದು. ರೋಗಿಯನ್ನು ಟಾರ್ ರಸ್ತೆಯವರೆಗೆ ತರಲು ಗಟ್ಟಿ ಕುರ್ಚಿ ಯಾವುದು, ಹೊರುವವರು ಯಾರು ಎಂದು ಮೊದಲೇ ಯೋಚಿಸಿರಬೇಕು. ಹೊರಟ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ "ಸ್ಟ್ರೋಕ್ ಶಂಕೆ, ಇಂತಿಷ್ಟು ಹೊತ್ತಿಗೆ ಶುರುವಾಯಿತು" ಎಂದು ತಿಳಿಸಿದರೆ ಸ್ಕ್ಯಾನಿನವರು ಸಿದ್ಧರಿರುತ್ತಾರೆ.

ಮಾಡಬಾರದ ಉಪಕಾರಗಳು

ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಹೃದಯಾಘಾತಕ್ಕೆ ಹೇಳಿದ ಆಸ್ಪಿರಿನ್ ಇಲ್ಲಿ ಸಲ್ಲದು: ಒಳಗೆ ರಕ್ತಸ್ರಾವವಾಗಿದ್ದರೆ ಅದು ಹೆಚ್ಚಬಹುದು. ರಕ್ತದೊತ್ತಡ 190 ಕಂಡಿತೆಂದು ಬಿ.ಪಿ. ಮಾತ್ರೆ ಕೊಡುವುದೂ ತಪ್ಪು. ನಾಳ ಕಟ್ಟಿದಾಗ ಮಿದುಳಿಗೆ ರಕ್ತ ನುಗ್ಗಿಸಲು ದೇಹವೇ ಒತ್ತಡ ಏರಿಸಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ಇಳಿಸಿದರೆ ಬದುಕುಳಿಯಬಹುದಾದ ಭಾಗವೂ ಸಾಯಬಹುದು. ಇಂಜೆಕ್ಷನ್ ಕೊಡುವ ಮುನ್ನ ಅದನ್ನು 185/110ಕ್ಕಿಂತ ಕೆಳಗೆ ತರಬೇಕಾಗುತ್ತದೆ. ಅದು ಆಸ್ಪತ್ರೆಯಲ್ಲಿ ಅಳೆದು ಅಳೆದು ಮಾಡುವ ಕೆಲಸ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಹರಿಸಿದರೆ ಗುಣವಾಗುತ್ತದೆ ಎಂದು ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬರುವ ಸಂದೇಶ ಶುದ್ಧ ಸುಳ್ಳು. ಎಣ್ಣೆ ತಿಕ್ಕಿಸಲು ಕರೆದೊಯ್ಯುವುದರಿಂದ ಆಗುವ ನಷ್ಟವೆಂದರೆ ಆ ನಾಲ್ಕೂವರೆ ಗಂಟೆ.

ಮಾಡಬಹುದಾದ ಒಂದು ಪರೀಕ್ಷೆ ಸಕ್ಕರೆಯದ್ದು. ಮಧುಮೇಹಿಗಳಲ್ಲಿ ಸಕ್ಕರೆ ತೀರಾ ಇಳಿದಾಗ ಪಾರ್ಶ್ವವಾಯುವಿನಂತೆಯೇ ಕಾಣುವುದುಂಟು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ, ವಾಹನ ಬರುವ ಮೊದಲು ನೋಡಿ ಅಂಕಿ ಬರೆದುಕೊಳ್ಳಬೇಕು. 70ಕ್ಕಿಂತ ಕಡಿಮೆಯಿದ್ದು, ರೋಗಿ ಪೂರ್ಣ ಎಚ್ಚರವಿದ್ದು ಸರಾಗವಾಗಿ ನುಂಗಬಲ್ಲರಾದರೆ ಮಾತ್ರ ಸಕ್ಕರೆ ಕೊಡಬಹುದು. ಹೊರಡುವುದನ್ನು ಅದಕ್ಕಾಗಿ ನಿಲ್ಲಿಸುವಂತಿಲ್ಲ. ಎಚ್ಚರ ತಪ್ಪಿದವರನ್ನು ಒಂದು ಬದಿಗೆ ಮಲಗಿಸಬೇಕು.

ಗಡಿಯಾರ, ಕಾಗದ, ಒಪ್ಪಿಗೆ

ವೈದ್ಯರು ಕೇಳುವ ಮೊದಲ ಪ್ರಶ್ನೆ ರೋಗಿ ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ ಎಂಬುದು. ಬೆಳಗ್ಗೆ ಆರಕ್ಕೆ ಏಳುವಾಗಲೇ ಕೈ ಬಿದ್ದಿದ್ದರೆ ಲೆಕ್ಕ ಆರರಿಂದ ಶುರುವಾಗುವುದಿಲ್ಲ, ರಾತ್ರಿ ಮಲಗಿದ ಹೊತ್ತಿನಿಂದ ಶುರುವಾಗುತ್ತದೆ. ನಡುರಾತ್ರಿ ಮೂರಕ್ಕೆ ಬಚ್ಚಲಿಗೆ ನಡೆದು ಹೋದದ್ದನ್ನು ಸೊಸೆ ಕಂಡಿದ್ದರೆ ಅದನ್ನು ಹೇಳಲೇಬೇಕು. ಆ ಒಂದು ಮಾತಿನಿಂದ ಚಿಕಿತ್ಸೆಯ ಬಾಗಿಲು ತೆರೆಯಬಹುದು.

ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬುದರ ಮೇಲೆ ಇಂಜೆಕ್ಷನ್ ಕೊಡುವ ತೀರ್ಮಾನ ನಿಂತಿದೆ. ಔಷಧಗಳ ಚೀಟಿ, ಆಧಾರ್, ವಿಮಾ ಕಾರ್ಡು ಒಂದೇ ಚೀಲದಲ್ಲಿರಲಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಆಯುಷ್ಮಾನ್ ಭಾರತ್‌ಗೆ ಜೋಡಿಸಿದ್ದಾಗಿದ್ದು, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ರಕ್ಷಣೆ ಇದೆ. ಆಯುಷ್ಮಾನ್ ಕಾರ್ಡನ್ನು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ಬಳಸುವ ಅವಕಾಶ ಯೋಜನೆಯಲ್ಲೇ ಇದೆ. ತಾವು ಆರಿಸಿಕೊಂಡ ಮಂಗಳೂರಿನ ಆಸ್ಪತ್ರೆ ಇದನ್ನು ಸ್ವೀಕರಿಸುತ್ತದೆಯೇ ಎಂಬುದನ್ನೂ ಅದೇ ಫೋನ್ ಕರೆಯಲ್ಲಿ ಕೇಳಿಕೊಳ್ಳಬೇಕು.

ಕೊನೆಗೆ ಒಪ್ಪಿಗೆಯ ಸಹಿ. 1995ರ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದ ನೂರರಲ್ಲಿ ಸುಮಾರು ಆರು ಮಂದಿಗೆ ಮಿದುಳಿನಲ್ಲಿ ಅಪಾಯಕಾರಿ ರಕ್ತಸ್ರಾವವಾಯಿತು. ಆದರೂ, ಪಡೆಯದವರಿಗಿಂತ ಪಡೆದವರಲ್ಲಿ ಮೂರು ತಿಂಗಳ ಬಳಿಕ ಬಹುತೇಕ ಚೇತರಿಸಿಕೊಂಡವರ ಸಂಖ್ಯೆ ಸ್ಪಷ್ಟವಾಗಿ ಹೆಚ್ಚಿತ್ತು. ವೈದ್ಯರು ಎರಡನ್ನೂ ಹೇಳಿ ಸಹಿ ಕೇಳುತ್ತಾರೆ. ಆಗ ದುಬೈಯಲ್ಲಿರುವ ಮಗ, ಬೆಂಗಳೂರಿನಲ್ಲಿರುವ ಮಗಳು, ಊರಿನ ಭಾವ ಎಲ್ಲರನ್ನೂ ಕೇಳಿಯೇ ಹೇಳುತ್ತೇವೆಂದು ಕುಳಿತರೆ ಅರ್ಧ ಗಂಟೆ ಹೋಗುತ್ತದೆ. ಸ್ಥಳದಲ್ಲಿರುವವರೇ ತೀರ್ಮಾನಿಸಲಿ ಎಂದು ಕುಟುಂಬದಲ್ಲಿ ಮೊದಲೇ ಮಾತಾಗಿರಬೇಕು.

ತಾನಾಗಿ ಸರಿಹೋದರೆ

ಹತ್ತು ನಿಮಿಷ ಕೈ ಎತ್ತಲಾಗದೆ, ಬಳಿಕ ಎಲ್ಲವೂ ಮೊದಲಿನಂತಾದರೆ ಮನೆಯವರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಹೆಪ್ಪು ತಾತ್ಕಾಲಿಕವಾಗಿ ಸಿಕ್ಕಿ ಸರಿದಿರುವ ಸ್ಥಿತಿ ಅದು. ದೊಡ್ಡ ಪಾರ್ಶ್ವವಾಯು ಬರುವ ಅಪಾಯ ಮುಂದಿನ ಎರಡು ದಿನಗಳಲ್ಲೇ ಅತ್ಯಂತ ಹೆಚ್ಚು. ಹಾಗಾಗಿ ಅದೇ ದಿನ, ಅದೇ ಅವಸರದಲ್ಲಿ ಆಸ್ಪತ್ರೆಗೆ ಹೋಗಬೇಕು.

ಗ್ರಾಮಸಭೆಯಲ್ಲಿ ಕೇಳಬಹುದಾದದ್ದು

ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತುಗಳ ಆಡಳಿತಕ್ಕೂ, ಜಿಲ್ಲಾ ಆಸ್ಪತ್ರೆಗಳು ಜಿಲ್ಲಾ ಪಂಚಾಯತಿನ ಆಡಳಿತಕ್ಕೂ ಒಳಪಟ್ಟಿರುವುದರಿಂದ ಈ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲೇ ಎತ್ತಬಹುದು. ರಾತ್ರಿ ಸ್ಕ್ಯಾನ್ ಮತ್ತು ಇಂಜೆಕ್ಷನ್ ಸಿಗುವ ಆಸ್ಪತ್ರೆಗಳ ಹೆಸರು, ಫೋನ್ ನಂಬರುಗಳನ್ನು ಕನ್ನಡದಲ್ಲೂ ಬರೆದು ಆರೋಗ್ಯ ಕೇಂದ್ರ, ಪಡಿತರ ಅಂಗಡಿ ಮತ್ತು ಬಸ್ ನಿಲ್ದಾಣಗಳಲ್ಲಿ ಹಾಕಲು ದೊಡ್ಡ ಹಣವೇನೂ ಬೇಡ. ಕನ್ನಡ ಅಲ್ಪಸಂಖ್ಯಾತ ಪ್ರದೇಶದವರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕೇರಳದ 1969ರ ರಾಜ್ಯಭಾಷಾ ಕಾಯ್ದೆಯೇ ಕೊಟ್ಟಿರುವಾಗ, ಈ ಮನವಿಯನ್ನು ಕನ್ನಡದಲ್ಲಿಯೇ ಬರೆದು ಕೊಡಬಹುದು. ಆಶಾ ಕಾರ್ಯಕರ್ತೆಯರು ಮತ್ತು ಕುಟುಂಬಶ್ರೀ ಮಹಿಳಾ ಘಟಕಗಳವರು ಈ ಮಾಹಿತಿಯನ್ನು ಮನೆಮನೆಗೆ ತಿಳಿಸುವ ಕೆಲಸವನ್ನು ಅಧಿಕ ರಕ್ತದೊತ್ತಡ ಇರುವವರ ಮನೆಗಳಿಂದ ಆರಂಭಿಸುವುದು ಸೂಕ್ತ, ಏಕೆಂದರೆ ಪಾರ್ಶ್ವವಾಯುವಿಗೆ ಅತಿ ದೊಡ್ಡ ಕಾರಣ ಅದೇ, ಮತ್ತು ಆ ಮನೆಗಳ ಪಟ್ಟಿ ಆರೋಗ್ಯ ಕೇಂದ್ರದ ಬಳಿ ಈಗಾಗಲೇ ಇರುತ್ತದೆ.